ನಿನ್ನ ಕಂಪ್ಯೂಟರು ಎಷ್ಟು ವರ್ಷ ಹೇಳ್ತದೆ?

ಮೊನ್ನೆ ಊರಿಗೆ ಹೋಗಿದ್ದೆ. ಸುಳ್ಯದ ಮನೆಯ ಜಗಲಿಯಲ್ಲಿ ದೊಡ್ಡಮ್ಮ ತಲೆಗೆ ಬೈರಾಸು ಸುತ್ತಿಕೊಂಡು ಅಡಿಕೆ ಹೆಕ್ಕುತ್ತಾ ಕೂತಿದ್ದರು. ಕೀಮೋ ಮುಗಿದು ಮೂರು ತಿಂಗಳಾಗಿದೆ ಅಷ್ಟೆ. ನನ್ನನ್ನು ನೋಡಿದ್ದೇ, "ಎಂತ ಮಾರಾಯ, ನನಗಿನ್ನು ಎಷ್ಟು ವರ್ಷ ಅಂತ ನಿನ್ನ ಕಂಪ್ಯೂಟರು ಹೇಳ್ತದೆ?" ಅಂದರು.

ಕೇಳಿದ್ದು ತಮಾಷೆಗೆ. ಆದರೆ ನಾನು ನಿಜಕ್ಕೂ ಹುಡುಕಿದ್ದೆ! ಹೋದ ವರ್ಷ ಪುತ್ತೂರಿನಲ್ಲಿ ಸ್ಕ್ಯಾನಿಂಗ್ ಆಗಿ, ಮಂಗಳೂರಿನಲ್ಲಿ ಅಂಡಾಶಯದ ಕ್ಯಾನ್ಸರ್, ಮೂರನೇ ಹಂತ ಅಂತ ಖಚಿತವಾದ ರಾತ್ರಿ ಬೆಂಗಳೂರಿನ ರೂಮಿನಲ್ಲಿ ಕೂತು ಹುಡುಕಿದೆ. ಅಮೆರಿಕದ ಲೆಕ್ಕದಲ್ಲಿ, ಗಡ್ಡೆ ಅಂಡಾಶಯದಲ್ಲೇ ಇರುವಾಗ ಸಿಕ್ಕಿದರೆ ಐದು ವರ್ಷ ದಾಟುವವರು ನೂರಕ್ಕೆ 90ಕ್ಕೂ ಹೆಚ್ಚು. ದೂರಕ್ಕೆ ಹರಡಿದ್ದರೆ 30ರ ಆಸುಪಾಸು. ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಆ ಒಂದು ಸಂಖ್ಯೆಯೊಳಗೆ ಎಷ್ಟೋ ಬಗೆಯವರಿದ್ದಾರೆ ಅಂತ ಗೊತ್ತಾಗಿದ್ದು ಆಮೇಲೆ. ಆಪರೇಷನ್ನಿನಲ್ಲಿ ಕಣ್ಣಿಗೆ ಕಾಣುವ ಗಡ್ಡೆಯೆಲ್ಲ ಹೋಯಿತಾ, ಉಳಿಯಿತಾ ಎನ್ನುವುದು ಬಹಳ ದೊಡ್ಡ ವಿಷಯ. ಕ್ಯಾನ್ಸರ್ ಯಾವ ಬಗೆಯ ಜೀವಕೋಶದ್ದು, ಪ್ಲಾಟಿನಂ ಇರುವ ಕೀಮೋಗೆ ಬಗ್ಗಿತಾ, ವಯಸ್ಸೆಷ್ಟು, ಮೈಯಲ್ಲಿ ತ್ರಾಣ ಎಷ್ಟು... ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಮುಗಿದ ಮೇಲೆ ಆರು ತಿಂಗಳು ಕಳೆದು ಮರುಕಳಿಸಿದರೆ ಅದೇ ಔಷಧಿ ಮತ್ತೆ ನಾಟುವ ಸಾಧ್ಯತೆ ಹೆಚ್ಚಂತೆ. ದೊಡ್ಡಮ್ಮನಿಗೆ ಕಾಣುವಷ್ಟನ್ನೂ ತೆಗೆದಿದ್ದಾರೆ. ಈಗ ಮೂರು ತಿಂಗಳು.

ನನ್ನನ್ನು ಕೊರೆಯುವುದು ಬೇರೆಯೇ. ಸ್ಕ್ಯಾನಿಂಗಿಗೆ ಮೊದಲು ನಾಲ್ಕು ತಿಂಗಳು ಅವರಿಗೆ ಹೊಟ್ಟೆಯುಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುವುದು. ಫೋನಿನಲ್ಲಿ ಹೇಳಿಕೊಂಡಾಗ "ಗ್ಯಾಸ್ ಇರಬೇಕು, ಜೀರಿಗೆ ಕಷಾಯ ಕುಡಿಯಿರಿ" ಅಂದವನು ನಾನು. ಎರಡು ಲಕ್ಷ ಹೆಂಗಸರ ಮೇಲೆ ಬ್ರಿಟನ್ನಿನಲ್ಲಿ ನಡೆದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿ ಮೊದಲೇ ಹುಡುಕಿದರೂ ಸಾವು ಕಡಿಮೆಯಾಗಲಿಲ್ಲವಂತೆ. ಓದಿ ಸ್ವಲ್ಪ ಸಮಾಧಾನವಾಯಿತು. ಆದರೆ ಅದು ಲಕ್ಷಣವೇ ಇಲ್ಲದವರ ಲೆಕ್ಕ. ದೊಡ್ಡಮ್ಮ ನನಗೆ ಹೇಳಿದ್ದರಲ್ಲ? ನಿಮ್ಮನೆಯಲ್ಲಿ ಯಾರಾದರೂ ಎರಡು ಮೂರು ವಾರ ಬಿಡದೆ ಹಾಗೆ ಹೇಳಿದರೆ ಕಷಾಯಕ್ಕೆ ನಿಲ್ಲಬೇಡಿ, ಡಾಕ್ಟರಿಗೆ ತೋರಿಸಿ.

ಇನ್ನೊಂದಿದೆ. ದೊಡ್ಡಮ್ಮನ ರಕ್ತದಲ್ಲಿ ಬಿಆರ್‌ಸಿಎ1 ಜೀನಿನ ದೋಷ ಸಿಕ್ಕಿದೆ. ವಿಚಿತ್ರ ನೋಡಿ, ಆ ದೋಷ ಇದ್ದವರಿಗೆ ಪ್ಲಾಟಿನಂ ಚೆನ್ನಾಗಿ ನಾಟುತ್ತದೆ, ಓಲಾಪರಿಬ್ ಮಾತ್ರೆಯೂ ನಾಟುತ್ತದೆ. ಆದರೆ ಮಕ್ಕಳಿಗೆ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಕಡಬದಲ್ಲಿರುವ ಅಕ್ಕ ಪರೀಕ್ಷೆಯೇ ಬೇಡ ಅನ್ನುತ್ತಾಳೆ.

"ನಿಮ್ಮದು ಕಂಪ್ಯೂಟರಿಗೆ ಗೊತ್ತಿಲ್ಲ ದೊಡ್ಡಮ್ಮ. ಅಕ್ಕನ ರಕ್ತ ಒಮ್ಮೆ ಪರೀಕ್ಷೆ ಮಾಡಿಸುವ" ಅಂದೆ.

ದೊಡ್ಡಮ್ಮ ಅಡಿಕೆ ಪಕ್ಕಕ್ಕಿಟ್ಟು ಕೈ ಒರೆಸಿಕೊಂಡರು. "ಅವಳಿಗೆ ಫೋನು ಮಾಡು. ನಾನೇ ಹೇಳ್ತೇನೆ."

ಅಕ್ಕ ಇನ್ನೂ ಹೂಂ ಅಂದಿಲ್ಲ. ನಾಳೆ ಕಡಬಕ್ಕೆ ಹೋಗುತ್ತಿದ್ದೇನೆ.