ತೊರಪಲ್ಲಿಯ ಮನೆಯೂ ಗಡಿ ದಾಟಿದ ಪ್ರಾರ್ಥನೆಯೂ

ಹೊಸೂರಿನ ಕಾರ್ಖಾನೆಗಳ ಗದ್ದಲವನ್ನು ಹಿಂದೆ ಬಿಟ್ಟು ಸ್ವಲ್ಪ ದೂರ ಸಾಗಿದರೆ ತೊರಪಲ್ಲಿ ಅಗ್ರಹಾರ ಸಿಗುತ್ತದೆ. ಇದು ದಕ್ಷಿಣ ಪಿನಾಕಿನಿಯ ಸೀಮೆ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕಿವಿಗೆ ಬೀಳುವ ಸೀಮೆ. 1878ರ ಡಿಸೆಂಬರ್ 10ರಂದು ಚಕ್ರವರ್ತಿ ರಾಜಗೋಪಾಲಾಚಾರಿಯವರು ಜನಿಸಿದ್ದು ಈ ಊರಿನಲ್ಲಿ. ಅವರು ಹುಟ್ಟಿದ ಮನೆಯನ್ನು ತಮಿಳುನಾಡು ಸರ್ಕಾರವು ಸ್ಮಾರಕವಾಗಿ ಉಳಿಸಿಕೊಂಡಿದೆ. ಹೊಸೂರಿನ ಶಾಲೆಯಲ್ಲಿ, ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಆ ಬಾಲಕ ದೇಶದ ಗವರ್ನರ್ ಜನರಲ್ ಆದದ್ದು ನಮ್ಮ ಮಕ್ಕಳಿಗೆ ಪಾಠದಿಂದ ತಿಳಿದಿದೆ. ಅವರು ಹಾಡುಗಳನ್ನೂ ರಚಿಸಿದರೆಂಬುದು ಅಷ್ಟಾಗಿ ತಿಳಿಯದು.

1966ರ ಅಕ್ಟೋಬರ್‌ನಲ್ಲಿ ಎಂ. ಎಸ್. ಸುಬ್ಬುಲಕ್ಷ್ಮಿಯವರು ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲಿ ಕಛೇರಿ ನಡೆಸಿದರು. ಆ ಸಂದರ್ಭಕ್ಕೆಂದು ರಾಜಾಜಿಯವರು ಇಂಗ್ಲಿಷಿನಲ್ಲಿ ಒಂದು ಪ್ರಾರ್ಥನೆಯನ್ನು ಬರೆದುಕೊಟ್ಟರು. ಆಗ ಅವರಿಗೆ 87 ವರ್ಷ. ಅದಕ್ಕೆ ಪಾಶ್ಚಾತ್ಯ ಧಾಟಿಯನ್ನು ಹೊಂದಿಸಿದವರು ಮದರಾಸಿನ ಹ್ಯಾಂಡೆಲ್ ಮ್ಯಾನುಯೆಲ್. ಶ್ರೀವೈಷ್ಣವ ಮನೆಯಲ್ಲಿ ಬೆಳೆದವರ ಮಾತು, ಚರ್ಚಿನ ಪ್ರಾರ್ಥನಾಗೀತೆಯನ್ನು ನೆನಪಿಸುವ ಧಾಟಿ, ಕರ್ನಾಟಕ ಸಂಗೀತದ ಕಂಠ ಅಲ್ಲಿ ಒಂದಾದವು. ಅವರದೇ ತಮಿಳು ಕೃತಿ ‘ಕುರೈ ಒನ್ರುಮ್ ಇಲ್ಲೈ’ ಅದೇ ಗಾಯಕಿಯ ಕಂಠದಿಂದ ಮನೆಮನೆಗೆ ಮುಟ್ಟಿತು. ಎರಡು ಭಾಷೆ, ಎರಡು ಬಗೆಯ ಸ್ವರ. ಬೇಡಿದ ಮನಸ್ಸು ಒಂದೇ.

ಹೊರಗಿನ ಧಾಟಿಯನ್ನು ದೇವರ ಮುಂದೆ ತರಬಹುದೇ ಎಂಬ ಪ್ರಶ್ನೆ ಅದೇ ದಶಕದಲ್ಲಿ ಅಮೆರಿಕದ ಕ್ರೈಸ್ತರನ್ನೂ ಕಾಡಿತು. ಲ್ಯಾರಿ ನಾರ್ಮನ್ ಎಂಬ ಯುವಕ 1969ರಲ್ಲಿ ವಿದ್ಯುತ್ ಗಿಟಾರ್ ಹಾಗೂ ಡ್ರಮ್‌ಗಳ ರಾಕ್ ಸಂಗೀತದಲ್ಲಿ ಕ್ರಿಸ್ತನ ಕುರಿತು ಹಾಡಿದ ಧ್ವನಿಮುದ್ರಿಕೆಯನ್ನು ಹೊರತಂದ. ಕ್ರೈಸ್ತ ರಾಕ್ ಎಂಬ ಪ್ರಕಾರದ ಆರಂಭವನ್ನು ಹಲವರು ಅಲ್ಲಿಯೇ ಗುರುತಿಸುತ್ತಾರೆ. ಇಂಥ ಅಬ್ಬರದ ವಾದ್ಯ ಪ್ರಾರ್ಥನೆಗೆ ತಕ್ಕುದಲ್ಲವೆಂದು ಚರ್ಚಿನ ಹಿರಿಯರಲ್ಲಿ ಅನೇಕರು ಮುಖ ತಿರುಗಿಸಿದರು. ಧರ್ಮದ ಮಾತು ಮಾರಾಟಕ್ಕೆ ಒದಗದೆಂದು ವ್ಯಾಪಾರಿಗಳು ಹಿಂಜರಿದರು. ಎರಡೂ ಕಡೆಯಿಂದ ಹೊರಗುಳಿದ ನಾರ್ಮನ್ ಸ್ವಂತ ಧ್ವನಿಮುದ್ರಣ ಸಂಸ್ಥೆಯನ್ನು ಕಟ್ಟಿಕೊಂಡ. ಕೀತ್ ಗ್ರೀನ್ ಎಂಬ ಇನ್ನೊಬ್ಬ ಗಾಯಕ 1980ರಲ್ಲಿ ತನ್ನ ಹಾಡುಗಳಿಗೆ ಬೆಲೆಯನ್ನೇ ಗೊತ್ತುಮಾಡದೆ, ಕೇಳುಗರು ಶಕ್ತ್ಯಾನುಸಾರ ಕೊಟ್ಟದ್ದಕ್ಕೆ ಧ್ವನಿಮುದ್ರಿಕೆಯನ್ನು ಕಳುಹಿಸಿಕೊಟ್ಟ.

ಕನ್ನಡಿಗರಿಗೆ ಈ ಕ್ರಮ ಹೊಸದೆನಿಸಬೇಕಿಲ್ಲ. ಪುರಂದರದಾಸರು ತಂಬೂರಿ ಹಿಡಿದು ಮಧುಕರ ವೃತ್ತಿಯಲ್ಲಿ ಬಾಗಿಲು ಬಾಗಿಲಿಗೆ ನಡೆದವರು. ಹಾಡಿಗೆ ಬೆಲೆ ಕಟ್ಟುವ ಭಾರ ಕೇಳಿದವರ ಮೇಲಿತ್ತು. ಹೊರಗಿನದನ್ನು ಒಳಗು ಮಾಡಿಕೊಳ್ಳುವ ಕೆಲಸವೂ ಇಲ್ಲಿ ಎರಡು ದಿಕ್ಕಿನಿಂದ ನಡೆದಿದೆ. ಕನ್ನಡ ನಿಘಂಟನ್ನು 1894ರಲ್ಲಿ ಪ್ರಕಟಿಸಿದ ಕಿಟೆಲ್ ಅವರು ಅದಕ್ಕೂ ಮೊದಲು ‘ಕಥಾಮಾಲೆ’ಯಲ್ಲಿ ಏಸುವಿನ ಚರಿತೆಯನ್ನು ಈ ನಾಡಿನ ಹಾಡುಗಬ್ಬದ ರೀತಿಗೆ ಒಗ್ಗಿಸಿದರು. ನಮ್ಮ ಕಾಲದಲ್ಲಿ ಮೈಸೂರಿನ ರಘು ದೀಕ್ಷಿತರು ಶಿಶುನಾಳ ಶರೀಫರ ತತ್ತ್ವಪದಗಳನ್ನು ಗಿಟಾರಿನೊಡನೆ ಹಾಡಿ, ಶರೀಫರ ಹೆಸರನ್ನೇ ಕೇಳದಿದ್ದ ಪರದೇಶದ ಸಭಿಕರಿಗೂ ಮುಟ್ಟಿಸಿದರು.

ಆದರೂ ಎರವಲು ತಂದದ್ದೆಲ್ಲ ನಮ್ಮದಾಗುವುದಿಲ್ಲ. ಶರೀಫರ ಪದ ಗಿಟಾರಿನ ನಡುವೆಯೂ ಉಳಿದುಕೊಂಡದ್ದು, ಹಾಡುವವರ ನಾಲಗೆಯಲ್ಲಿ ಕನ್ನಡ ಸ್ಪಷ್ಟವಾಗಿದ್ದುದರಿಂದ. ರಾಜಾಜಿಯವರ ಇಂಗ್ಲಿಷ್ ಪ್ರಾರ್ಥನೆ ಪೊಳ್ಳಾಗದೆ ನಿಂತದ್ದು, ಬರೆದವರಿಗೂ ಹಾಡಿದವರಿಗೂ ಸ್ವಂತ ಪರಂಪರೆಯಲ್ಲಿ ಆಳವಾದ ಬೇರು ಇದ್ದುದರಿಂದ. ಬೇರಿಲ್ಲದೆ ಧಾಟಿಯನ್ನಷ್ಟೇ ತಂದರೆ ಉಳಿಯುವುದು ಅನುಕರಣೆ.

ಗಡಿಯ ಈಚೆ ಕನ್ನಡ ಮಾಧ್ಯಮದಲ್ಲಿ ಕಲಿಯುವ ಮಕ್ಕಳಿಗೆ ಈ ಮಾತು ಹತ್ತಿರದ್ದು. ಶಾಲೆಯಲ್ಲಿ ಒಂದು ನುಡಿ, ಬಸ್ಸಿನಲ್ಲಿ ಇನ್ನೊಂದು, ಮೊಬೈಲಿನಲ್ಲಿ ಮತ್ತೊಂದು ಅವರ ಕಿವಿಗೆ ಬೀಳುತ್ತಲೇ ಇರುತ್ತದೆ. ಅದೇ ಮೊಬೈಲಿನಲ್ಲಿ ಅಜ್ಜಿಯ ಸೋಬಾನೆ ಪದವನ್ನು ಮುದ್ರಿಸಿಕೊಳ್ಳಲು ಯಾವ ಕಂಪನಿಯ ಅಪ್ಪಣೆಯೂ ಬೇಕಿಲ್ಲ; ಹಾಡಬಲ್ಲ ಅಜ್ಜಿ ಇರುವಾಗಲೇ ಕುಳಿತು ಕೇಳುವ ತಾಳ್ಮೆ ಬೇಕು. ತೊರಪಲ್ಲಿಯ ಮನೆಯನ್ನು ನೋಡಿ ಹಿಂದಿರುಗುವ ಕುಟುಂಬವೊಂದು ಆ ಸಂಜೆಯೇ ಈ ಕೆಲಸಕ್ಕೆ ಕುಳಿತರೆ, ಅದಕ್ಕೆ ಗಿಟಾರ್ ಸೇರಿಸಬೇಕೇ ತಂಬೂರಿ ಸಾಕೇ ಎಂಬುದನ್ನು ಮಕ್ಕಳೇ ಮುಂದೆ ನಿರ್ಧರಿಸಿಕೊಂಡಾರು.