ಮಳೆಗೆ ಮೊದಲು ಮರದ ಮೇಲೆ

ಮೇ ತಿಂಗಳ ಬೆಳಿಗ್ಗೆ ಏಳರ ಹೊತ್ತಿಗೆ ಬ್ರಹ್ಮಾವರದಿಂದ ಉತ್ತರಕ್ಕೆ ಹೆದ್ದಾರಿ ಹಿಡಿದು ಹೊರಟವರಿಗೆ ಒಂದು ಬಗೆಯ ಬೈಕುಗಳು ಮತ್ತೆ ಮತ್ತೆ ಎದುರಾಗುತ್ತವೆ. ಹಿಂದೆ ಕುಳಿತವನ ಹೆಗಲಿನಲ್ಲಿ ದಪ್ಪ ಹಗ್ಗದ ಸುರುಳಿ, ತೊಡೆಯ ಮೇಲೆ ಗೋಣಿ ಸುತ್ತಿದ ಯಂತ್ರದ ಗರಗಸ, ಮುಂದಿನವನ ಸೊಂಟದಲ್ಲಿ ಕತ್ತಿ. ಇವರು ಮರ ಕಡಿಯುವವರು. ಉಳಿದ ತಿಂಗಳುಗಳಲ್ಲಿ ತೆಂಗಿನಕಾಯಿ ಕೊಯ್ಯುವುದು, ಸೌದೆ ಒಡೆಯುವುದು ಎಂದು ದಿನ ಕಳೆಯುವ ಇವರಿಗೆ ಮೃಗಶಿರಾ ಮಳೆ ಹಿಡಿಯುವ ಮುಂಚಿನ ಮೂರು ವಾರ ಪುರುಸೊತ್ತೇ ಇಲ್ಲ. ಆ ಮೂರು ವಾರ ಕರಾವಳಿಯ ಪ್ರತಿಯೊಬ್ಬ ಮನೆಯಾತನೂ ಅಂಗಳದಲ್ಲಿ ನಿಂತು ತಲೆಯೆತ್ತಿ ತನ್ನ ಮರವನ್ನು ನೋಡುತ್ತಾನೆ. ಹನ್ನೊಂದು ತಿಂಗಳು ನೆರಳು, ಹಣ್ಣು, ತಂಪು ಕೊಟ್ಟ ಮರ ಆಗ ಅವನಿಗೆ ವೈರಿಯಂತೆ ಕಾಣುತ್ತದೆ.

ಹೆದರಿಕೆ ಸುಳ್ಳಲ್ಲ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ನೆಂದು ಸಡಿಲವಾದ ಮಣ್ಣು, ನೀರು ಕುಡಿದು ಭಾರವಾದ ಎಲೆಗಳ ರಾಶಿ, ಅದರ ಮೇಲೆ ಕಡಲಿನ ಗಾಳಿ. ಮರ ಬೀಳುವುದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ. ಆದರೆ ಎಲ್ಲ ಮರಗಳೂ ಬೀಳುವುದಿಲ್ಲವಲ್ಲ? ನೂರು ವರ್ಷದ ಹಲಸು ನಿಂತೇ ಇರುತ್ತದೆ, ಅದರ ಪಕ್ಕದ ಇಪ್ಪತ್ತು ವರ್ಷದ ಮರ ಬುಡಸಮೇತ ಮಗುಚುತ್ತದೆ. ಇದಕ್ಕೆ ಉತ್ತರ ಹುಡುಕಬೇಕಾದರೆ ನೆಲ ನೋಡಬೇಕು.

ಬ್ರಹ್ಮಾವರ, ಕುಂದಾಪುರ, ಬೈಂದೂರು ಈಗ ಮೂರು ತಾಲೂಕುಗಳು. ಬ್ರಹ್ಮಾವರ ಮತ್ತು ಬೈಂದೂರು ತಾಲೂಕಾಗಿ ಕೆಲಸ ಆರಂಭಿಸಿದ್ದು 2018ರಲ್ಲಿ. ಆದರೆ ನೆಲದ ಲೆಕ್ಕದಲ್ಲಿ ಇಲ್ಲಿ ಇರುವುದು ಎರಡೇ ಪಟ್ಟಿ. ಕಡಲಿನ ಬದಿಗೆ ಕೋಟ, ಸಾಲಿಗ್ರಾಮದಂಥ ಕಡೆಗಳಲ್ಲಿ ಹೊಯ್ಗೆ ನೆಲ. ಒಳಗೆ ಹೋದರೆ ಮುರಕಲ್ಲು. ಈ ಮುರಕಲ್ಲಿಗೆ ಇಡೀ ಜಗತ್ತು ಬಳಸುವ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ. ಅವನು ಅದನ್ನು ಗುರುತಿಸಿದ್ದು ಕೇರಳದ ಅಂಗಡಿಪುರದಲ್ಲಿ. ಲ್ಯಾಟಿನ್ನಿನಲ್ಲಿ ಅದರ ಮೂಲ ಪದಕ್ಕೆ ಇಟ್ಟಿಗೆ ಎಂದರ್ಥ. ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವ ಕಲ್ಲಿಗೆ ಒಪ್ಪುವ ಹೆಸರೇ. ಆದರೆ ಮರಕ್ಕೆ ಅದು ಅಷ್ಟು ಸಲೀಸಲ್ಲ. ಮೇಲಿನ ಮಣ್ಣು ತೆಳುವಾಗಿರುವ ಕಡೆ ಬೇರು ಆಳಕ್ಕೆ ಇಳಿಯಲಾಗದೆ ಅಡ್ಡಡ್ಡ ಹರಡಿಕೊಳ್ಳುತ್ತದೆ. ಹಾಗೆ ನೋಡಿದರೆ ಯಾವ ನೆಲದಲ್ಲೂ ನೀರು, ಗೊಬ್ಬರ ಹೀರುವ ಎಳೆಬೇರುಗಳು ಬಹುಮಟ್ಟಿಗೆ ಮೇಲಿನ ಎರಡು ಅಡಿಯೊಳಗೇ ಇರುತ್ತವೆ. ಮರ ಎಷ್ಟು ಎತ್ತರವೋ ಬೇರು ಅಷ್ಟೇ ಆಳ ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಅದು ಸರಿಯಲ್ಲ.

ಹಳೆಯ ಹಿತ್ತಲುಗಳಲ್ಲಿ ಈ ಬೇರುಗಳಿಗೆ ತೊಂದರೆ ಇರಲಿಲ್ಲ. ಮನೆ ಒಂದು ಕಡೆ, ಹಟ್ಟಿ ಒಂದು ಕಡೆ, ನಡುವೆ ಮಾವು, ಹಲಸು, ತೆಂಗು. ಆಚೆಗೆ ಗದ್ದೆ, ಗದ್ದೆಯ ಮೇಲೆ ಹಾಡಿ. ಸೊಪ್ಪಿಗಾಗಿ ವರ್ಷವರ್ಷ ಗೆಲ್ಲು ಸವರುವುದು ಬೇಸಾಯದ ಒಂದು ಭಾಗವೇ ಆಗಿತ್ತು. ಹಟ್ಟಿಗೆ ಹಾಸಿದ ಸೊಪ್ಪು ಗೊಬ್ಬರವಾಗಿ ಗದ್ದೆಗೆ ಹೋಗುತ್ತಿತ್ತು. ಮರ ಬಿದ್ದರೂ ಗದ್ದೆಗೆ ಬೀಳುತ್ತಿತ್ತು, ಮನೆಯ ಮಾಡಿಗಲ್ಲ.

ಈಗ ಕುಂದಾಪುರದ ಸುತ್ತ, ಬ್ರಹ್ಮಾವರದ ಪೇಟೆಯ ಆಚೀಚೆ ಆ ಹಿತ್ತಲುಗಳೇ ಬಡಾವಣೆಗಳಾಗಿವೆ. ಐದು ಸೆಂಟ್ಸ್, ಏಳು ಸೆಂಟ್ಸ್, ಹತ್ತು ಸೆಂಟ್ಸಿನ ನಿವೇಶನಗಳು. ಏರುತಗ್ಗಿನ ನೆಲವನ್ನು ಜೆಸಿಬಿಯಿಂದ ಕೆತ್ತಿ ಮಟ್ಟ ಮಾಡುತ್ತಾರೆ. ಒಂದು ಹಳೆಯ ಮಾವಿನ ಮರವನ್ನು ‘ಉಳಿಸಿಕೊಂಡಿದ್ದೇವೆ’ ಎಂದು ಹೆಮ್ಮೆಯಿಂದ ತೋರಿಸುವವರೂ ಇದ್ದಾರೆ. ಅದರ ಒಂದು ಬದಿಯ ಬೇರುಗಳು ಆಗಲೇ ಜೆಸಿಬಿಯ ಬಾಯಿಗೆ ಹೋಗಿರುತ್ತವೆ. ಉಳಿದ ಬದಿಗೆ ಇಂಟರ್‌ಲಾಕ್ ಹಾಸಿ ಗಾಳಿ, ನೀರು ಬಂದ್ ಮಾಡಿರುತ್ತಾರೆ. ಮರ ಆ ವರ್ಷ ಬೀಳುವುದಿಲ್ಲ. ನಾಲ್ಕು ಮಳೆಗಾಲ ತಡೆದುಕೊಂಡು ಐದನೆಯದರಲ್ಲಿ ಬೀಳುತ್ತದೆ. ಆಗ ಬೈಗುಳ ಮರಕ್ಕೆ.

ಇಲ್ಲಿ ಮಕ್ಕಳೇ ಮಾಡಿ ನೋಡಬಹುದಾದ ಒಂದು ಲೆಕ್ಕವಿದೆ. ಕಟ್ಟಡ ಕೆಲಸದ ಜಾಗದಲ್ಲಿ ಮರದ ಬೇರನ್ನು ಕಾಯಲು ಬ್ರಿಟನ್ನಿನವರು ಪಾಲಿಸುವ ಅಳತೆ ಸರಳವಾದದ್ದು. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡದ ವ್ಯಾಸ ಎಷ್ಟಿದೆಯೋ ಅದರ 12 ಪಟ್ಟು ತ್ರಿಜ್ಯದ ವೃತ್ತದೊಳಗೆ ಅಗೆಯಬಾರದು. ಕಾಂಡದ ವ್ಯಾಸ ಅರ್ಧ ಮೀಟರ್ ಎನ್ನಿ. ತ್ರಿಜ್ಯ 6 ಮೀಟರ್, ವೃತ್ತದ ವಿಸ್ತೀರ್ಣ ಸುಮಾರು 113 ಚದರ ಮೀಟರ್. ಒಂದು ಸೆಂಟ್ಸ್ ಎಂದರೆ 40 ಚದರ ಮೀಟರಿಗಿಂತ ತುಸು ಹೆಚ್ಚು. ಅಂದರೆ ಒಂದು ಮಧ್ಯಮ ಗಾತ್ರದ ಮಾವಿನ ಮರಕ್ಕೇ ಎರಡೂಮುಕ್ಕಾಲು ಸೆಂಟ್ಸ್ ಬೇಕು. ಐದು ಸೆಂಟ್ಸಿನ ನಿವೇಶನದಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಅದರದೇ! ಮನೆ ಕಟ್ಟುವವನು ಮರ ಉಳಿಸಲಿಲ್ಲ ಎಂದು ಅವನೊಬ್ಬನನ್ನೇ ದೂರಿ ಫಲವಿಲ್ಲ. ನಕ್ಷೆ ಬರೆಯುವಾಗಲೇ ಹಳೆಯ ಮರಗಳಿರುವ ತುಂಡನ್ನು ಉದ್ಯಾನಕ್ಕೆ ಬಿಟ್ಟು ಉಳಿದದ್ದನ್ನು ನಿವೇಶನವಾಗಿ ಹಂಚಬೇಕಿತ್ತು. ಎಷ್ಟೋ ಕಡೆ ನಡೆಯುವುದು ಇದರ ತಿರುಗಾಮುರುಗ. ಮರವೆಲ್ಲ ಕಡಿದು ಮುಗಿದ ಮೇಲೆ ಯಾವ ಆಕಾರಕ್ಕೂ ಹೊಂದದ ಮೂಲೆಯೊಂದು ಉದ್ಯಾನವಾಗುತ್ತದೆ.

ಮರ ಹತ್ತುವವರಲ್ಲಿ ತಿಳಿದವರು ಬುಡಕ್ಕೆ ಗರಗಸ ಇಡುವ ಮೊದಲು ಸುತ್ತ ಒಂದು ಪ್ರದಕ್ಷಿಣೆ ಬರುತ್ತಾರೆ. ಕಾಂಡಕ್ಕೆ ಕತ್ತಿಯ ಹಿಂಬದಿಯಿಂದ ಬಡಿದು ಸದ್ದು ಕೇಳುತ್ತಾರೆ. ಟೊಳ್ಳಾಗಿದ್ದರೆ ಸದ್ದೇ ಬೇರೆ. ಬುಡದಲ್ಲಿ ಅಣಬೆ ಎದ್ದಿದೆಯೇ, ವಾಲಿದ ಬದಿಯ ಎದುರಿನ ಮಣ್ಣು ಬಿರಿದಿದೆಯೇ ಎಂದು ನೋಡುತ್ತಾರೆ. “ಅಮ್ಮಾ, ಬುಡ ಕಡೂದ್ ಬ್ಯಾಡ, ಈ ಗೆಲ್ಲ್ ಒಂದ್ ತೆಗುದ್ರೆ ಸಾಕ್” ಎಂಬ ಮಾತು ಅವರ ಬಾಯಿಂದ ಬರುವುದೂ ಉಂಟು. “ಮನಿ ಮೇಲೆ ಬಿದ್ರೆ ಎಂತ ಮಾಡೂದ್ ಮಾರಾಯಾ?” ಎಂಬುದು ಒಳಗಿನಿಂದ ಬರುವ ಉತ್ತರ. ಕೊನೆಗೆ ಇಬ್ಬರೂ ಒಪ್ಪುವುದು ನಡುವಿನ ದಾರಿಗೆ: ತಲೆ ಕಡಿದುಬಿಡುವುದು.

ಈ ನಡುವಿನ ದಾರಿಯೇ ಎಲ್ಲಕ್ಕಿಂತ ಕೆಟ್ಟದ್ದು. ತಲೆ ಕಡಿದ ಮರ ಸುಮ್ಮನಿರುವುದಿಲ್ಲ. ಎಲೆಯಿಲ್ಲದೆ ಅದಕ್ಕೆ ಊಟವಿಲ್ಲ. ಹಾಗಾಗಿ ತೊಗಟೆಯಡಿಯಲ್ಲಿ ಮಲಗಿದ್ದ ಮೊಗ್ಗುಗಳನ್ನೆಲ್ಲ ಎಬ್ಬಿಸಿ ಹತ್ತಾರು ಚಿಗುರುಗಳನ್ನು ಒಮ್ಮೆಗೇ ಕಳುಹಿಸುತ್ತದೆ. ಸಹಜವಾಗಿ ಬೆಳೆದ ಗೆಲ್ಲು ವರ್ಷವರ್ಷವೂ ಕಾಂಡದೊಡನೆ ಹೆಣೆದುಕೊಳ್ಳುತ್ತಾ ದಪ್ಪವಾಗುತ್ತದೆ. ಈ ಹೊಸ ಗೆಲ್ಲುಗಳಾದರೋ ಹೊರಪದರಕ್ಕೆ ಅಂಟಿಸಿದಂತಿರುತ್ತವೆ. ಅವುಗಳ ಕೆಳಗೆ ಕಡಿದ ಗಾಯದಿಂದ ನೀರಿಳಿದು ಕೊಳೆತ ಹಿಡಿದಿರುತ್ತದೆ. ಕೆಲವೇ ವರ್ಷಗಳಲ್ಲಿ ಅವು ತೋಳಿನ ಗಾತ್ರಕ್ಕೆ ಬಂದು ಗಾಳಿಗೆ ಕಿತ್ತು ಬೀಳುತ್ತವೆ. ಮನೆಯವರು ಮತ್ತೆ ತಲೆ ಕಡಿಸುತ್ತಾರೆ. ಅಪಾಯ ತಪ್ಪಿಸಲು ಕೊಟ್ಟ ಹಣ ಅಪಾಯವನ್ನೇ ಬೆಳೆಸುತ್ತದೆ.

ಮರಕ್ಕೆ ಗಾಯ ಮಾಯುತ್ತದೆಯೇ? ನಮ್ಮ ಚರ್ಮ ಮಾಯುವಂತೆ ಮಾಯುವುದಿಲ್ಲ. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಯಂತ್ರದ ಗರಗಸದಿಂದ ಉದ್ದುದ್ದಕ್ಕೆ ಸೀಳಿ ನೋಡಿದವರು. ಮರ ಕೊಳೆತ ಭಾಗವನ್ನು ಸರಿಪಡಿಸುವುದಿಲ್ಲ, ಅದರ ಸುತ್ತ ಗೋಡೆ ಕಟ್ಟಿ ಅಲ್ಲೇ ಕೂಡಿಹಾಕಿ ಹೊರಗಿನಿಂದ ಹೊಸ ಮರ ಬೆಳೆಸುತ್ತದೆ ಎಂದು 1977ರಲ್ಲಿ ಅವರು ವಿವರಿಸಿದರು. ಗೆಲ್ಲು ಕಾಂಡವನ್ನು ಸೇರುವಲ್ಲಿ ಸ್ವಲ್ಪ ಉಬ್ಬಿದ ಒಂದು ಬಳೆ ಇರುತ್ತದೆ, ಮಾವಿನಲ್ಲಿ ಬೆರಳಿಟ್ಟು ನೋಡಿದರೆ ತಿಳಿಯುತ್ತದೆ. ಗೋಡೆ ಕಟ್ಟುವ ಶಕ್ತಿ ಹೆಚ್ಚಾಗಿರುವುದು ಅಲ್ಲಿಯೇ. ಆ ಬಳೆಯ ಹೊರಗೆ ಕಡಿಯಬೇಕು. ಕಾಂಡಕ್ಕೆ ನುಣ್ಣಗೆ ತಾಗಿಸಿ ಕಡಿದರೆ ಬಳೆಯೇ ಹೋಗುತ್ತದೆ. ಮೊಳ ಉದ್ದ ಬಿಟ್ಟು ಕಡಿದರೆ ಆ ಮೋಟು ಒಣಗಿ ಕೊಳೆತಕ್ಕೆ ಬಾಗಿಲಾಗುತ್ತದೆ. ದೊಡ್ಡ ಗೆಲ್ಲಾದರೆ ಮೊದಲು ತುಸು ಹೊರಗೆ ಅಡಿಯಿಂದ ಒಂದು ಕಚ್ಚು, ಆಮೇಲೆ ಅದಕ್ಕಿಂತ ಆಚೆ ಮೇಲಿನಿಂದ ಕಡಿದು ಭಾರ ಇಳಿಸಿ, ಕೊನೆಗೆ ಬಳೆಯ ಬಳಿ ಕೊಯ್ಯಬೇಕು. ಇಲ್ಲವಾದರೆ ಬೀಳುವ ಗೆಲ್ಲು ತೊಗಟೆಯನ್ನು ಬುಡದವರೆಗೆ ಸುಲಿದುಕೊಂಡು ಹೋಗುತ್ತದೆ. ಗಾಯಕ್ಕೆ ಡಾಮರು, ಬಣ್ಣ ಬಳಿಯುವುದು ಬಹುಮಟ್ಟಿಗೆ ನಮ್ಮ ಸಮಾಧಾನಕ್ಕೆ.

ತೆಂಗಿನ ಕಥೆ ಇದಕ್ಕೆ ಪೂರಾ ಬೇರೆ. ಅದು ಏಕದಳ, ಹುಲ್ಲಿನ ದೂರದ ನೆಂಟ. ಮಾವು, ಹಲಸಿನ ತೊಗಟೆಯಡಿಯಲ್ಲಿ ವರ್ಷವರ್ಷವೂ ಹೊಸ ಮರ ಕಟ್ಟುವ ತೆಳುವಾದ ಪದರ ಇರುತ್ತದಲ್ಲ, ಅದು ತೆಂಗಿಗೆ ಇಲ್ಲ. ಹಾಗಾಗಿ ಹತ್ತಲು ಸುಲಭವಾಗಲೆಂದು ಅಜ್ಜನ ಕಾಲದಲ್ಲಿ ಕೆತ್ತಿದ ಕಾಲಿಡುವ ಕಚ್ಚುಗಳು ಮೊಮ್ಮಗನ ಕಾಲಕ್ಕೂ ಹಾಗೆಯೇ ಇರುತ್ತವೆ. ಕೆಂಪುಮೂತಿ ಹುಳು ಮೊಟ್ಟೆಯಿಡಲು ಹುಡುಕುವುದು ಇಂಥ ಗಾಯಗಳನ್ನೇ. ಬೆಳೆಯುವ ಸುಳಿಯೂ ಒಂದೇ. ಅದು ಹೋಯಿತೆಂದರೆ ಮರ ಮುಗಿಯಿತು. ತಲೆ ಕಡಿದು ‘ಚಿಕ್ಕದು ಮಾಡುವ’ ಮಾತು ಇಲ್ಲಿ ನಡೆಯದು. ತಿಂಗಳಿಗೆ ಹೆಚ್ಚುಕಡಿಮೆ ಒಂದರಂತೆ ಮಡಲು ಬಿಡುವುದರಿಂದ ಕಾಂಡದ ಮೇಲಿನ ಮಡಲಿನ ಗುರುತುಗಳನ್ನು ಎಣಿಸಿ 12ರಿಂದ ಭಾಗಿಸಿದರೆ ಮರದ ವಯಸ್ಸಿನ ಅಂದಾಜು ಸಿಗುತ್ತದೆ. ರಜೆಯಲ್ಲಿ ಮಕ್ಕಳಿಗೆ ಒಳ್ಳೆಯ ಕೆಲಸ.

ಮನೆಗಳ ನಡುವಿನ ತೆಂಗನ್ನು ಕೆಡವುವುದು ನೋಡತಕ್ಕ ಕೆಲಸ. ಹತ್ತಿದವನು ಮೊದಲು ಮಡಲು, ಕಾಯಿ ಇಳಿಸಿ, ಆಮೇಲೆ ತಲೆಯನ್ನು ಹಗ್ಗ ಕಟ್ಟಿ ಇಳಿಸುತ್ತಾನೆ. ನಂತರ ತನ್ನ ಕೆಳಗಿನ ಮರವನ್ನೇ ತುಂಡುತುಂಡಾಗಿ ಕೊಯ್ಯುತ್ತಾ ಕೆಳಗೆ ಬರುತ್ತಾನೆ. ತನ್ನ ನೆಲೆಯನ್ನು ತಾನೇ ಕೊಯ್ದುಕೊಳ್ಳುವ ಕಸುಬು ಬೇರೆ ಯಾವುದಿದೆಯೋ! 15 ಮೀಟರ್ ಎತ್ತರದಿಂದ ಜಾರಿದ ತುಂಡು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 60 ಕಿಲೋಮೀಟರ್ ದಾಟಿರುತ್ತದೆ. ಕೆಳಗೆ ಹಗ್ಗ ಹಿಡಿದವನಿಗೆ ಹೆಲ್ಮೆಟ್ ಇರುವುದು ಅಪರೂಪ, ಮೇಲಿನವನಿಗೆ ಸೊಂಟದ ಪಟ್ಟಿ ಅದಕ್ಕಿಂತ ಅಪರೂಪ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಸ್ನೇಹಿತರು’ ಎಂಬ ತರಬೇತಿ ಆರಂಭಿಸಿ ಯಂತ್ರದಿಂದ ಹತ್ತುವುದನ್ನು ಯುವಕರಿಗೆ ಕಲಿಸಿತು. ಹತ್ತುವವರಿಗಾಗಿ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆಯೂ ಅದರದೇ. ಆದರೆ ಅದು ತೆಂಗಿಗೆ ಸಂಬಂಧಪಟ್ಟದ್ದು. ಮಳೆಮರ, ಅಕೇಶಿಯಾ, ಹಲಸು ಹತ್ತುವವನ ಪಾಡು ಅವನದೇ.

ಬೀಳುವುದಕ್ಕಿಂತ ಹೆಚ್ಚಿನ ಭಯ ತಂತಿಯದ್ದು. ಕರಾವಳಿಯಲ್ಲಿ ಅಲ್ಯುಮಿನಿಯಂ ದೋಟಿ, ಅಲ್ಯುಮಿನಿಯಂ ಏಣಿ ವಿದ್ಯುತ್ ತಂತಿಗೆ ತಾಗಿ ಜನ ಸತ್ತ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಈಚೆಗೆ ಬಂದಿರುವ ಹಗುರಾದ ಕಾರ್ಬನ್ ಫೈಬರ್ ದೋಟಿ ಲೋಹವಲ್ಲವಾದ್ದರಿಂದ ಅಪಾಯವಿಲ್ಲ ಎಂದು ತಿಳಿದವರಿದ್ದಾರೆ. ಇದು ಜೀವಕ್ಕೇ ಎರವಾಗುವ ತಿಳಿವಳಿಕೆ. ಕಾರ್ಬನ್ ಫೈಬರಿನಲ್ಲೂ ವಿದ್ಯುತ್ ಹರಿಯುತ್ತದೆ. ಪೆನ್ಸಿಲ್ಲಿನ ಕಡ್ಡಿ ವಿದ್ಯುತ್ ಹರಿಸುವುದನ್ನು ಶಾಲೆಯಲ್ಲಿ ಕಂಡ ಮಕ್ಕಳು ಮನೆಯಲ್ಲಿ ಇದನ್ನು ಹೇಳಬಹುದು. ಹಸಿ ಗೆಲ್ಲೂ ಅಷ್ಟೆ. ತಂತಿಗೆ ತಾಗಿದ ಮರವನ್ನು ಮೆಸ್ಕಾಂನವರು ಬಂದು ಸಂಪರ್ಕ ತೆಗೆದ ಮೇಲೆಯೇ ಮುಟ್ಟಬೇಕು. ಅವರು ಬರಲು ಎರಡು ದಿನ ತಡವಾದರೆ ಎರಡು ದಿನ ಕಾಯಬೇಕು, ಬೇರೆ ದಾರಿಯಿಲ್ಲ.

ಸ್ವಂತ ಹಿತ್ತಲಿನ ಮರ ಕಡಿಯಲು ಯಾರನ್ನು ಕೇಳಬೇಕು ಎಂಬ ಪ್ರಶ್ನೆ ಕುಂದಾಪುರದ ಕಡೆ ಆಗಾಗ ಬರುತ್ತದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ 1976ರದು. ಅದರಂತೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ಗಾಳಿಮರ, ರಬ್ಬರಿನಂಥ ಕೆಲವಕ್ಕೆ ಬೇಡ. ಸತ್ತ ಮರ, ಗಾಳಿಗೆ ಉರುಳಿದ ಮರ, ಜೀವಕ್ಕೂ ಆಸ್ತಿಗೂ ಅಪಾಯವಾದ ಮರಗಳ ವಿಷಯದಲ್ಲಿ ಕಾಯಿದೆ ಉದಾರವಾಗಿಯೇ ಇದೆ. ಕಡಿದುದಕ್ಕೆ ಬದಲು ನೆಡಬೇಕೆಂಬ ಷರತ್ತೂ ಇದೆ. ನೆಟ್ಟದ್ದು ಉಳಿಯಿತೇ ಎಂದು ನೋಡುವವರು ಕಡಿಮೆ.

ರಸ್ತೆಬದಿಯ ಮರಗಳಿಗೆ ಇಂಥ ಯೋಚನೆಗೆ ಅವಕಾಶವೇ ಸಿಗಲಿಲ್ಲ. ಹಿಂದೆ 17 ಎಂಬ ಸಂಖ್ಯೆಯಿದ್ದು ಈಗ 66 ಆಗಿರುವ ಹೆದ್ದಾರಿ ಚತುಷ್ಪಥವಾದಾಗ ಇಕ್ಕೆಲದ ನೆರಳು ಹೋಯಿತು. ರಸ್ತೆ ಬೇಕಿತ್ತು, ನಿಜ. ಬಸ್ಸಿಗೆ ಕಾಯುವವರು ಏಪ್ರಿಲ್ ಬಿಸಿಲಿನಲ್ಲಿ ಕಂಬದ ನೆರಳಿನಲ್ಲಿ ಸಾಲಾಗಿ ನಿಲ್ಲುವುದೂ ನಿಜ. ಅದೇ ಹೆದ್ದಾರಿಯಿಂದ ಒಳಕ್ಕೆ ತಿರುಗಿದರೆ ಅಲ್ಲಲ್ಲಿ ನಾಗಬನಗಳು ಸಿಗುತ್ತವೆ. ರೆಂಜೆ, ಸುರಗಿ, ಅವನ್ನು ಸುತ್ತಿದ ಬಳ್ಳಿಗಳು. ಅಲ್ಲಿ ಕತ್ತಿ ಹೋಗುವುದಿಲ್ಲ, ಬಿದ್ದ ಮರ ಬಿದ್ದಲ್ಲೇ ಕರಗಿ ಮಣ್ಣಾಗುತ್ತದೆ. ಕೆಲವು ಕಡೆ ಭಕ್ತಿ ಹೆಚ್ಚಾಗಿ ಬನ ಸವರಿ ಗ್ರಾನೈಟಿನ ಕಟ್ಟೆ ಕಟ್ಟಿದ್ದಾರೆ. ನಾಗನಿಗೆ ಅದು ತಂಪೋ ಬಿಸಿಯೋ ಕಟ್ಟಿಸಿದವರೇ ಹೇಳಬೇಕು.

ಕುಂದಾಪುರ ಬಿಟ್ಟು ಪಂಚಗಂಗಾವಳಿಯ ಸೇತುವೆ ದಾಟಿ ಮುಂದೆ ಹೋದರೆ ಮರವಂತೆ. ಒಂದು ಬದಿಗೆ ಸೌಪರ್ಣಿಕೆ, ಇನ್ನೊಂದು ಬದಿಗೆ ಕಡಲು, ನಡುವೆ ರಸ್ತೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಈ ಕರಾವಳಿಯನ್ನು ಹೊಡೆದು ಹೋಯಿತು. ಬೈಂದೂರಿನತ್ತ ಕಡಲತೀರದಲ್ಲಿ ಬೆಳೆದ ಗಾಳಿಮರಗಳು ಗಾಳಿಯ ಎದುರು ಬಾಗುತ್ತವೆ, ಮತ್ತೆ ಏಳುತ್ತವೆ. ಸೂಜಿಯಂಥ ಎಲೆಗಳ ನಡುವೆ ಗಾಳಿ ನುಸುಳಿಹೋಗುವುದರಿಂದ ಅವಕ್ಕೆ ಪೆಟ್ಟು ಕಡಿಮೆ. ಒಳನಾಡಿನ ಮಾವಿಗೂ ಇದೇ ಉಪಾಯ ಸಾಕು: ಒಣ ಗೆಲ್ಲು, ಒಂದಕ್ಕೊಂದು ಉಜ್ಜುವ ಗೆಲ್ಲುಗಳನ್ನು ತೆಗೆದು ಒಳಗೆ ಗಾಳಿಯಾಡುವಂತೆ ಮಾಡಿದರೆ ಆಯಿತು, ತಲೆಯನ್ನು ಮುಟ್ಟಬೇಕಾಗಿಲ್ಲ. ಹಗ್ಗ ಹಿಡಿದು ಬಂದವರಿಗೆ ಇದು ತಲೆ ಕಡಿಯುವುದಕ್ಕಿಂತ ಹೆಚ್ಚು ಹೊತ್ತಿನ ಕೆಲಸ, ಕೂಲಿಯೂ ಹೆಚ್ಚು ಕೊಡಬೇಕಾಗುತ್ತದೆ. ಮಧ್ಯಾಹ್ನ ಕಡಲಗಾಳಿ ಜೋರಾದ ಮೇಲೆ ಅನುಭವಸ್ಥರು ಮರ ಹತ್ತುವುದಿಲ್ಲ. ಹಾಗಾಗಿ ಮಾವಿನ ಮರ ಒಂದಾದರೂ ಎರಡು ಬೆಳಿಗ್ಗೆ ಹಿಡಿಯಬಹುದು.