ಔಷಧಿಯೂ ಎಚ್ಚರಿಕೆಯೂ

ಬಾಲ್ಯದಲ್ಲಿ ಮಠದಲ್ಲಿ ಓದಿ, ಜೀವಮಾನವೆಲ್ಲ ಓಲೆಗರಿ, ವ್ಯಾಕರಣಗಳ ನಡುವೆ ಕಳೆದ ನಮಗೆ ದೇಹಶಾಸ್ತ್ರದ ಪರಿಚಯ ಅಷ್ಟಕ್ಕಷ್ಟೆ. ಆ ಅಜ್ಞಾನಕ್ಕೆ ಬುಕ್ಕಸಾಗರದ ನಮ್ಮ ಮನೆಯ ಹಿರಿಯ ಸೊಸೆ ದಂಡ ತೆತ್ತಳು. ಓದುವ ಮನೆಗಳಿಗೆ ಉಪಯೋಗವಾದೀತೆಂದು ಅದನ್ನು ಸಂಕೋಚ ಬಿಟ್ಟು ಅರುಹುತ್ತಿದ್ದೇವೆ.

ಮೂರು ವರ್ಷಗಳ ಹಿಂದೆ ಆಕೆಯ ಮುಖ, ಕಾಲುಗಳು ಬಾತು, ಕೀಲುಗಳು ನೋಯತೊಡಗಿದವು. ವೈದ್ಯರು ಪರೀಕ್ಷಿಸಿ ‘ಲೂಪಸ್’ ಎಂದರು, ಮೂತ್ರಪಿಂಡಕ್ಕೂ ತಗುಲಿತ್ತು. ರೋಗಾಣುಗಳನ್ನು ತಡೆಯಬೇಕಾದ ದೇಹದ ಕಾವಲು ಮನೆಯವರನ್ನೇ ಕಳ್ಳರೆಂದು ಬಗೆದು ಬಡಿಯುವ ರೋಗವಿದು. ಆ ಕಾವಲನ್ನು ತಗ್ಗಿಸಲು ಸ್ಟೀರಾಯ್ಡ್ ಹಾಗೂ ಟ್ಯಾಕ್ರೋಲಿಮಸ್ ಮಾತ್ರೆಗಳನ್ನು ಕೊಟ್ಟರು. ಎರಡನೆಯದು 1984ರಲ್ಲಿ ಜಪಾನಿನ ತ್ಸುಕುಬದ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ದೊರೆತ ಔಷಧಿ. ಬಾವು ಇಳಿಯಿತು, ಮನೆ ನಿರಾಳವಾಯಿತು.

ಎರಡನೆಯ ತಿಂಗಳ ಒಂದು ಸಂಜೆ ಆಕೆ, “ಮಾವನವರೆ, ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗಿದೆ” ಎಂದಳು. “ಬಿಸಿಲಿನ ಝಳ, ತಾಯಿ, ಮಲಗಿಕೋ” ಎಂದು ನಾವು ಹಣೆಗೆ ವಿಭೂತಿ ಹಚ್ಚಿದೆವು. ಬೆಳಗಿನ ಜಾವ ಪೂಜೆಗೆ ಕುಳಿತಿದ್ದಾಗ ಒಳಗಿನಿಂದ ಮೊಮ್ಮಗನ ಚೀತ್ಕಾರ. ಸೊಸೆಗೆ ಮೂರ್ಛೆ ಬಂದು ಕೈಕಾಲು ಸೆಟೆದಿದ್ದವು. ಎಚ್ಚರವಾದಾಗ ಎದುರಿಗಿದ್ದ ಮಗ ಆಕೆಗೆ ಕಾಣಲಿಲ್ಲ. ಧ್ವನಿಯ ಗುರುತಿನಿಂದ ಅವನ ಮುಖವನ್ನು ತಡವಿದಳು.

ಬಳ್ಳಾರಿಯ ಆಸ್ಪತ್ರೆಯಲ್ಲಿ ನೋಡಿದರೆ ರಕ್ತದೊತ್ತಡ ಬಹಳ ಏರಿತ್ತು. ಎಂ.ಆರ್.ಐ. ಚಿತ್ರದಲ್ಲಿ ಮಿದುಳಿನ ಹಿಂಭಾಗ, ಅಂದರೆ ನೋಟವನ್ನು ಅರಿಯುವ ಎಡೆ, ಊದಿಕೊಂಡಿತ್ತು. ವೈದ್ಯರು ಇದನ್ನು ‘ಪ್ರೆಸ್’ ಎಂದರು. 1996ರಲ್ಲಿ ಅಮೆರಿಕದ ವೈದ್ಯೆ ಜೂಡಿ ಹಿಂಚಿ ಮತ್ತು ಸಂಗಡಿಗರು 15 ರೋಗಿಗಳನ್ನು ಕುರಿತು ಬರೆದು ಇದನ್ನು ಜಗತ್ತಿನ ಗಮನಕ್ಕೆ ತಂದರು. ಮೂತ್ರಪಿಂಡದ ರೋಗ, ರಕ್ತದೊತ್ತಡ, ಇಂಥ ಔಷಧಿ ಇವು ಕೂಡಿದಲ್ಲಿ ಒಮ್ಮೊಮ್ಮೆ ಮಿದುಳಿನ ನಾಳಗಳಿಂದ ದ್ರವ ಒಸರುತ್ತದೆ. ಇದು ಅಪರೂಪ. ಬೇಗ ಕಂಡುಕೊಂಡರೆ ಬಹುಮಟ್ಟಿಗೆ ವಾಸಿಯಾಗುತ್ತದೆ. ತಡವಾದರೆ ಊನ ಉಳಿಯಬಹುದು.

ನಾವು ಕೋಪದಿಂದ ಮಗನಿಗೆ, “ಆ ಮಾತ್ರೆಗಳನ್ನೆಲ್ಲ ಕಾಲುವೆಗೆ ಎಸೆ” ಎಂದೆವು. ವೈದ್ಯರು ನಮ್ಮನ್ನು ಕೂರಿಸಿಕೊಂಡು, “ಶಾಸ್ತ್ರಿಗಳೆ, ನಿಮ್ಮದು ಕಾಲುವೆ ನೀರಿನ ಊರು. ಈ ಮಾತ್ರೆ ತೂಬಿನ ಹಲಗೆಯಿದ್ದಂತೆ. ಒಮ್ಮೆಲೆ ಕಿತ್ತರೆ ರೋಗವೇ ನುಗ್ಗಿ ಮೂತ್ರಪಿಂಡವನ್ನು ಕೊಚ್ಚೀತು. ಹಲಗೆಯನ್ನು ನಾವು ಬದಲಿಸುತ್ತೇವೆ, ಸ್ಟೀರಾಯ್ಡನ್ನಂತೂ ತಟ್ಟನೆ ಬಿಡಬಾರದು” ಎಂದರು. ಟ್ಯಾಕ್ರೋಲಿಮಸ್ ನಿಲ್ಲಿಸಿ, ರಕ್ತದೊತ್ತಡವನ್ನು ಇಳಿಸಿ, ಬೇರೊಂದು ಔಷಧಿ ಕೊಟ್ಟರು. ಆರನೆಯ ದಿನ ಸೊಸೆ ಮಗನ ಅಂಗಿಯ ಬಣ್ಣ ಹೇಳಿದಳು. ನಾವು ಹೊರಗೆ ಹೋಗಿ ಕಣ್ಣೊರಸಿಕೊಂಡೆವು.

ಈ ವಿವೇಕ ದೊಡ್ಡ ದೇಶಗಳೂ ಪಟ್ಟು ಕಲಿತುದೇ. ನರಗಳ ಹೊದಿಕೆ ಸವೆಯುವ ಒಂದು ರೋಗಕ್ಕೆ ನಟಾಲಿಜುಮ್ಯಾಬ್ ಎಂಬ ಔಷಧಿ 2004ರಲ್ಲಿ ಅಮೆರಿಕದಲ್ಲಿ ಬಂದಿತು. ಕೆಲವರ ಮಿದುಳಿಗೆ ವೈರಸ್ಸಿನ ಘೋರ ಸೋಂಕು ತಗುಲಿದ್ದರಿಂದ 2005ರಲ್ಲಿ ಅದನ್ನು ಹಿಂತೆಗೆದರು. 2006ರಲ್ಲಿ ಕಟ್ಟುನಿಟ್ಟಿನ ಕಾವಲಿನೊಡನೆ ಮರಳಿ ತಂದರು. ಔಷಧಿಯನ್ನು ಬಿಸಾಡಲಿಲ್ಲ, ಎಚ್ಚರವನ್ನು ಹೆಚ್ಚಿಸಿದರು.

ಇಂಥ ಔಷಧಿ ಸೇವಿಸುವವರಿಗೆ ಹೊಸ ತಲೆನೋವು, ಮಸುಕು ನೋಟ, ಗೊಂದಲ, ತೊದಲು, ಕೈಕಾಲಿನ ಬಲಹೀನತೆ ಕಂಡರೆ ಅಂದೇ ವೈದ್ಯರಿಗೆ ತಿಳಿಸಬೇಕು; ಮೂರ್ಛೆ ಬಂದರೆ ಕ್ಷಣವೂ ತಡೆಯದೆ ಆಸ್ಪತ್ರೆಗೆ ಒಯ್ಯಬೇಕು. ನಮ್ಮ ಓಲೆಗರಿಗಳ ಪಕ್ಕದಲ್ಲಿ ಈಗ ರಕ್ತದೊತ್ತಡ ಬರೆಯುವ ಪುಸ್ತಕವೂ ಇದೆ. ಸೊಸೆ ತಲೆನೋವೆಂದರೆ ನಾವು ಬಿಸಿಲಿನ ಮಾತೆತ್ತುವುದಿಲ್ಲ. “ಎಷ್ಟು ಹೊತ್ತಿನಿಂದ, ತಾಯಿ?” ಎಂದು ಕೇಳುತ್ತೇವೆ.